ಆಟಿಯಲ್ಲಿ ಕೈಬಿಗಿ ಹಿಡಿದ ಮನೆ: ಸಂತೆಕಟ್ಟೆಯ ಒಂದು ಪ್ರಕರಣ

ಉಡುಪಿಯ ಸಂತೆಕಟ್ಟೆ ಸಮೀಪದ ಒಂದು ಕುಟುಂಬ ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಪೂರ್ತಿ, ಅಗತ್ಯವಲ್ಲದ ಖರ್ಚನ್ನೆಲ್ಲ ನಿಲ್ಲಿಸಿತು. ಕ್ರೆಡಿಟ್ ಕಾರ್ಡಿನ ಸಾಲದಿಂದ ಹೊರಬರುವುದು ಉದ್ದೇಶ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು; ಇಂಥ ವಿಚಾರಗಳನ್ನು ಪರಿಚಿತರು ನನ್ನ ಬಳಿ ತರುವುದುಂಟು. ಈ ಮನೆಯವರು ತಿಂಗಳು ಆರಂಭವಾಗುವ ಮೊದಲೇ ಬಂದರು, ಮುಗಿದ ಮೇಲೆ ಲೆಕ್ಕದ ಪುಸ್ತಕವನ್ನೂ ತೋರಿಸಿದರು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಸುಮಾರಾಗಿ ಹೊಂದಿಸಿದ್ದೇನೆ.

ಮನೆಯಲ್ಲಿ ನಾಲ್ವರು. ಗಂಡನಿಗೆ ಮಣಿಪಾಲದ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕೈಗೆ ಬರುವ ಸಂಬಳ 34,000 ರೂಪಾಯಿ. ಸಂಸ್ಥೆಯ ಪೈಸೆ ಪೈಸೆಗೂ ಲೆಕ್ಕ ಬರೆಯುವವರ ಮನೆಯಲ್ಲಿ ಅಲ್ಲಿಯವರೆಗೆ ಲೆಕ್ಕದ ಪುಸ್ತಕವೇ ಇರಲಿಲ್ಲ ಎಂಬುದನ್ನು ಅವರೇ ನಗುತ್ತಾ ಹೇಳಿಕೊಂಡರು. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಸಾಧಾರಣ ತಿಂಗಳಲ್ಲಿ 7,000 ರೂಪಾಯಿ ಬರುತ್ತದೆ. ಮಗ ಎರಡನೇ ಪಿಯುಸಿ. ಗಂಡನ ತಾಯಿ ಕುಂದಾಪುರದ ಕಡೆಯವರು. ಪಡಿತರ ಚೀಟಿಯಲ್ಲಿ ಅವರೇ ಯಜಮಾನಿ ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಬೀಳುತ್ತದೆ. ಸ್ವಂತ ಹಂಚಿನ ಮನೆ, ಹಿತ್ತಿಲಲ್ಲಿ ನಾಲ್ಕೈದು ತೆಂಗು, ಒಂದು ದೊಡ್ಡ ಹಲಸಿನ ಮರ. ಬಾಡಿಗೆ ಇಲ್ಲ. ಈ ಪ್ರಕರಣವನ್ನು ಬೇರೆ ಮನೆಗೆ ಅನ್ವಯಿಸುವವರು ಕೊನೆಯ ಎರಡು ಮಾತನ್ನು ಮರೆಯಬಾರದು. ಬಾಡಿಗೆ ಮನೆಯಲ್ಲಿದ್ದು ತೆಂಗಿನಕಾಯಿಯನ್ನೂ ಕೊಂಡು ತಿನ್ನುವವರಿಗೆ ಬಿಗಿಯುವ ಜಾಗವೇ ಕಡಿಮೆ.

ಸಾಲ 84,000 ರೂಪಾಯಿ. ಗಂಡನ ತಂಗಿಯ ಮದುವೆಯ ಬಟ್ಟೆಬರೆ ಮತ್ತು ಓಡಾಟ, ಒಂದು ಫ್ರಿಜ್, ಮಗನ ಮೊಬೈಲ್, ಇವೆಲ್ಲ ಸೇರಿ ಎರಡು ವರ್ಷಗಳಲ್ಲಿ ಬೆಳೆದದ್ದು. ಪ್ರತಿ ತಿಂಗಳು ಕಾರ್ಡಿನವರು ಕೇಳಿದ ಕನಿಷ್ಠ ಮೊತ್ತವನ್ನು, ಸುಮಾರು 4,200 ರೂಪಾಯಿಯನ್ನು, ತಪ್ಪದೆ ಕಟ್ಟುತ್ತಿದ್ದರು. ತಪ್ಪದೆ ಕಟ್ಟುತ್ತಿದ್ದೇವೆ ಎಂಬ ಸಮಾಧಾನವೇ ಅವರನ್ನು ಎರಡು ವರ್ಷ ಅಲ್ಲೇ ಕೂರಿಸಿತ್ತು. ತಿಂಗಳಿಗೆ ಶೇ. 3.5ರ ಬಡ್ಡಿಯೆಂದರೆ 84,000ಕ್ಕೆ 2,940 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 3,470 ಹತ್ತಿರ. ಕಟ್ಟಿದ 4,200ರಲ್ಲಿ ಅಸಲಿಗೆ ಇಳಿಯುತ್ತಿದ್ದದ್ದು ಏಳುನೂರು ಚಿಲ್ಲರೆ. ಅಷ್ಟೂ ಮುಂದಿನ ವಾರದ ಹೊಸ ಖರೀದಿಯಲ್ಲಿ ಹೋಗುತ್ತಿತ್ತು. ಜೊತೆಗೆ, ಪೂರ್ತಿ ಬಾಕಿ ತೀರಿಸದ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೇ ಇರುವುದಿಲ್ಲ. ಖರೀದಿಸಿದ ದಿನದಿಂದಲೇ ಬಡ್ಡಿ ಓಡುತ್ತದೆ. ಲೆಕ್ಕಪತ್ರ ವಿಭಾಗದ ನೌಕರರಿಗೆ ಇದು ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಕೆಲವರಿಗೂ ಗೊತ್ತಿರಲಿಲ್ಲ, ಆದ್ದರಿಂದ ದೂರುವುದಿಲ್ಲ.

ಮೊದಲ ಹೆಜ್ಜೆ ಖರ್ಚಿಗೆ ಸಂಬಂಧಿಸಿದ್ದಲ್ಲ

ಅವರು ಬಂದದ್ದು ಖರ್ಚು ಕಡಿತದ ಪಟ್ಟಿ ಹಿಡಿದುಕೊಂಡು. ಪಟ್ಟಿಯನ್ನು ಪಕ್ಕಕ್ಕಿಟ್ಟು ಮನೆಯಲ್ಲಿ ಚಿನ್ನ ಎಷ್ಟಿದೆ ಎಂದು ಕೇಳಿದೆ. ಹೆಂಡತಿಯ ಎರಡು ಬಳೆಗಳನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಲ್ಲಿ ಅಷ್ಟು ಹಣ ಸಿಗುತ್ತಿತ್ತು. ಅದೇ 84,000ಕ್ಕೆ ತಿಂಗಳಿಗೆ 840 ರೂಪಾಯಿ. ತಿಂಗಳಿಗೆ 2,600 ರೂಪಾಯಿಗಿಂತ ಹೆಚ್ಚಿನ ಉಳಿತಾಯ, ಅದೂ ಒಂದು ಬೆಳಗಿನ ಕೆಲಸದಲ್ಲಿ, ಯಾರೂ ಒಂದು ಚಹಾ ಬಿಡದೆ. ಖರ್ಚು ನಿಲ್ಲಿಸುವ ತಿಂಗಳಿನ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಈ ಹೆಜ್ಜೆಯನ್ನು ಹಾರಿ ಹೋಗುವುದನ್ನು ನೋಡಿದ್ದೇನೆ. ವರ್ಷಕ್ಕೆ ಶೇ. 42 ಬಡ್ಡಿಯ ಸಾಲವನ್ನು ಹಾಗೆಯೇ ಬಿಟ್ಟು ಅವಲಕ್ಕಿ ತಿಂದು ಉಳಿಸಿದರೆ ಉಳಿದದ್ದು ಕಾರ್ಡಿನವರಿಗೆ.

ಒಪ್ಪಿಸುವುದು ಸುಲಭವಾಗಲಿಲ್ಲ. ಆಟಿಗೆ ಆಸಾಡಿ ಎನ್ನುವ ಗಂಡನ ತಾಯಿ, “ಆಸಾಡಿಯಲ್ಲಿ ಬಂಗಾರ ಮನೆಯಿಂದ ಹೊರಗೆ ಕಳುಹಿಸುವುದು ಉಂಟೇ?” ಎಂದು ಪಟ್ಟು ಹಿಡಿದರು. ಆದ್ದರಿಂದ ಆಟಿ ಹುಟ್ಟುವ ಮೊದಲೇ ಬಳೆಗಳು ಸಂಘ ಸೇರಿದವು, ಕಾರ್ಡಿನ ಬಾಕಿ ಪೂರ್ತಿ ಚುಕ್ತಾ ಆಯಿತು. ಅಪಾಯ ಅಲ್ಲಿಂದಲೇ ಶುರು. ಬಾಕಿ ಸೊನ್ನೆಯಾದ ಕಾರ್ಡ್ ಮತ್ತೆ ಪೂರ್ತಿ ಮಿತಿಯೊಂದಿಗೆ ಕೈಯಲ್ಲಿರುತ್ತದೆ. ಹಾಗೆ ಎರಡೂ ಕಡೆ ಸಾಲ ಮಾಡಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಇವರು ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟಿದ್ದ ಕಾರ್ಡಿನ ವಿವರಗಳನ್ನೆಲ್ಲ ಅಳಿಸಿ, ಕಾರ್ಡನ್ನು ಬಳೆಯ ಖಾಲಿ ಪೆಟ್ಟಿಗೆಯಲ್ಲಿಟ್ಟು ಕಪಾಟಿನ ಬೀಗದ ಕೈಯನ್ನು ಅಜ್ಜಿಗೆ ಕೊಟ್ಟರು. ಬಳೆ ಬರುವವರೆಗೆ ಆ ಪೆಟ್ಟಿಗೆಯನ್ನು ಆಕೆ ತೆರೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಟಿಯನ್ನು ಆರಿಸಿದ ಕಾರಣ

ತಿಂಗಳನ್ನು ಆರಿಸಿದ್ದು ಹೆಂಡತಿ. ಆಟಿಯಲ್ಲಿ ಮದುವೆ, ಗೃಹಪ್ರವೇಶ, ಸೀಮಂತ ಯಾವುದೂ ಇಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇವರ ಮನೆಗೆ ಬರುವ ಆಮಂತ್ರಣ ಪತ್ರಿಕೆಗಳ ಲೆಕ್ಕದಲ್ಲಿ, ಉಡುಗೊರೆ, ರಿಕ್ಷಾ, ಮುಡಿಯುವ ಮಲ್ಲಿಗೆ ಎಲ್ಲ ಸೇರಿದರೆ ಆಗ ಕೈ ಬಿಗಿಯುವ ಮಾತೇ ಇಲ್ಲ. ಮಳೆಯಲ್ಲಿ ಸಂಜೆಯ ಸುತ್ತಾಟ ತಾನಾಗಿ ನಿಲ್ಲುತ್ತದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ ಇರುವುದರಿಂದ ಮಲ್ಪೆಯ ಬಂದರಿನಲ್ಲಿ ವಹಿವಾಟು ಇಲ್ಲ. ನಾಡದೋಣಿಯವರು ತಂದ ಅಷ್ಟಿಷ್ಟು ಮೀನಿಗೆ ಕೈ ಸುಡುವ ಬೆಲೆ. ಮೀನಿಲ್ಲದ ಊಟಕ್ಕೆ ಬಾಯಿ ಅರ್ಧ ಒಗ್ಗಿರುತ್ತದೆ. ಇಷ್ಟು ಅನುಕೂಲ ಬೇರೆ ತಿಂಗಳಲ್ಲಿ ಸಿಗದು.

ಇನ್ನೊಂದು ಕಾರಣವನ್ನು ಅವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು: ಹಿಂದಿನವರು ಆಟಿಯನ್ನು ಕಳೆದದ್ದೇ ಹಾಗೆ. ಕೆಸುವಿನೆಲೆಯ ಪತ್ರೊಡೆ, ತಗಟೆ ಸೊಪ್ಪು, ಕಳಲೆ, ಹಲಸಿನ ಬೀಜ, ಉಪ್ಪುಸೊಳೆ, ಗಂಜಿ. ಕಾಸು ಕೊಡದೆ ಸಿಗುವ ಊಟ.

ಪ್ರಕರಣ ಮೊದಲು ಎಡವಿದ್ದು ಇಲ್ಲೇ. ಪತ್ರೊಡೆಯ ಎಲೆ ಹಿತ್ತಿಲಲ್ಲಿ ಸಿಕ್ಕಿತು, ತಗಟೆ ಸೊಪ್ಪು ರಸ್ತೆ ಬದಿಯಲ್ಲಿ ಸಿಕ್ಕಿತು. ಉಪ್ಪುಸೊಳೆ ಎಲ್ಲಿಂದ ಬರಬೇಕು? ಮೇ, ಜೂನ್ ತಿಂಗಳುಗಳಲ್ಲಿ ಹಲಸು ಬಿಡಿಸಿ, ಸೊಳೆ ತೆಗೆದು, ಉಪ್ಪಿನಲ್ಲಿ ಹಾಕಿ ಭರಣಿ ಮುಚ್ಚಿಟ್ಟವರಿಗೆ ಅದು ಆಟಿಯಲ್ಲಿ ಸಿಗುತ್ತದೆ. ಈ ಮನೆಯ ಹಲಸಿನ ಹಣ್ಣುಗಳು ಆ ಬೇಸಿಗೆಯಲ್ಲಿ ಮರದ ಬುಡದಲ್ಲೇ ಬಿದ್ದು ಕೊಳೆತಿದ್ದವು. ಹಪ್ಪಳ ಒತ್ತಿರಲಿಲ್ಲ, ಹಲಸಿನ ಬೀಜ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿರಲಿಲ್ಲ, ಬಿಸಿಲಿರುವಾಗ ಒಣ ಮೀನು ಕಟ್ಟಿಟ್ಟಿರಲಿಲ್ಲ. ಆದ್ದರಿಂದ ಮಿತವ್ಯಯದ ಮೊದಲ ವಾರದಲ್ಲಿ ಅವರು ಮಾಡಿದ್ದು ಹಪ್ಪಳ, ಉಪ್ಪುಸೊಳೆ, ಒಣ ಚಟ್ಲಿಯನ್ನು (ಸಿಗಡಿಯನ್ನು) ಅಂಗಡಿಯಿಂದ ಕೊಂಡದ್ದು. ಆಟಿಯಲ್ಲಿ ಒಣ ಚಟ್ಲಿಯ ಬೆಲೆ ಏನಿರುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಆ ವಾರದ ದಿನಸಿ ಖರ್ಚು ಹಿಂದಿನ ವಾರಕ್ಕಿಂತ ಹೆಚ್ಚಿದೆ.

ಹಿಂದಿನವರ ಆಟಿಯನ್ನು ಬಡತನದ ತಿಂಗಳೆಂದೂ ಈಗ ಹೋಟೆಲುಗಳಲ್ಲಿ ನಡೆಯುವ ಆಟಿಯ ಊಟವನ್ನು ಸಂಭ್ರಮವೆಂದೂ ಕಾಣುವ ಎರಡೂ ನೋಟಗಳಲ್ಲಿ ಬಿಟ್ಟು ಹೋಗುವ ಸಂಗತಿ ದಾಸ್ತಾನು. ಆ ತಿಂಗಳು ಹಣವಿಲ್ಲದೆ ನಡೆಯುತ್ತಿದ್ದುದಕ್ಕೆ ಹಿಂದಿನ ಎರಡು ತಿಂಗಳ ದುಡಿಮೆ ಕಾರಣ. ಖರ್ಚು ನಿಲ್ಲಿಸುವ ಯಾವುದೇ ತಿಂಗಳಿಗೂ ಈ ಮಾತು ಸಲ್ಲುತ್ತದೆಂದು ಈ ಪ್ರಕರಣ ನೋಡಿದ ಮೇಲೆ ನನಗೆ ಅನ್ನಿಸಿದೆ. ಒಂದನೇ ತಾರೀಕು ಎದ್ದು ತೀರ್ಮಾನ ಮಾಡಿದರೆ ಕೊಳ್ಳದೇ ಇರಬಹುದು; ಕೊಳ್ಳದೇ ಬದುಕಲು ಬೇಕಾದದ್ದು ಅಷ್ಟರೊಳಗೆ ಮನೆಯಲ್ಲಿರಬೇಕು.

ನಿಯಮಗಳು ಮತ್ತು ಅವು ಸೋರಿದ ಜಾಗಗಳು

ಮೊದಲಿನ ತಿಂಗಳುಗಳ ಯುಪಿಐ ದಾಖಲೆಯನ್ನು ಮಗ ಮೊಬೈಲಿನಿಂದ ತೆಗೆದು ಬರೆದುಕೊಟ್ಟ. ಗೋಚರವಾದದ್ದು ಇಷ್ಟು. ದಿನಸಿ, ಹಾಲು, ಗ್ಯಾಸ್, ಔಷಧ, ವಿಮೆ, ಕಾಲೇಜು, ಪೆಟ್ರೋಲ್, ಮೊಬೈಲ್ ಸೇರಿ 20,500 ಹತ್ತಿರ. ಇದನ್ನು ಮುಟ್ಟುವುದಿಲ್ಲ ಎಂದಾಯಿತು. ಮೀನು ಮಾಂಸ 5,200, ಹೋಟೆಲು, ಕ್ಯಾಂಟೀನು, ಸಂಜೆಯ ಗೋಳಿಬಜೆ ಬನ್ಸು 4,100, ಆನ್‌ಲೈನ್ ಖರೀದಿ 3,800, ಸಮಾರಂಭ, ವಂತಿಗೆ 3,000, ಹೂವು 900, ರಿಕ್ಷಾ 700, ಮೊಬೈಲಿನಲ್ಲಿ ಸಿನಿಮಾ, ಧಾರಾವಾಹಿ ನೋಡುವ ಚಂದಾ 550. ಈ 18,000 ಚಿಲ್ಲರೆಯಲ್ಲಿ ಆದಷ್ಟನ್ನೂ ನಿಲ್ಲಿಸುವುದು.

ಹೋಟೆಲು ಮತ್ತು ಆನ್‌ಲೈನ್ ಖರೀದಿ ನಿಂತದ್ದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಿಲ್ಲಿಸಬಹುದಾಗಿತ್ತು, ನಿಂತಿತು. ಗಂಡ ಬುತ್ತಿ ಒಯ್ದರು. ಮಗನಿಗೆ ಮೊದಲೆರಡು ವಾರ ಕಾಲೇಜಿನ ಗೆಳೆಯರೊಡನೆ ಮುಜುಗರವಾಯಿತು. ಅವನ ಕೈಗೆ ವಾರಕ್ಕೆ ಒಂದಿಷ್ಟು ಹಣ ಕೊಟ್ಟು ಅದರ ಲೆಕ್ಕ ಕೇಳುವುದಿಲ್ಲ ಎಂದ ಮೇಲೆ ಸರಿಹೋಯಿತು. ಚಂದಾಗಳ ಪೈಕಿ ಒಂದರ ಹಣ ಮಾತ್ರ ಖಾತೆಯಿಂದ ತಾನಾಗಿ ಕಡಿತವಾಗಿ ಹೋಯಿತು. ಹೀಗೆ ಖಾತೆಯಿಂದ ತಾನಾಗಿ ಹೋಗುವ ಹಣದ ಬಗ್ಗೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸಂದೇಶ ಬಂದಿತ್ತು, ಬರುವ ನೂರು ಸಂದೇಶಗಳ ನಡುವೆ ಯಾರೂ ನೋಡಿರಲಿಲ್ಲ.

ವಿದ್ಯುತ್ತಿನಲ್ಲಿ ಉಳಿಸಲು ಏನೂ ಇರಲಿಲ್ಲ. ಗೃಹಜ್ಯೋತಿಯಲ್ಲಿ ಅವರ ಬಿಲ್ಲು ಸೊನ್ನೆ. ಹಳೆಯ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಮನೆಗೆ ನಿಗದಿಯಾದ ಯೂನಿಟ್ಟುಗಳೊಳಗೆ ಇರುವವರೆಗೆ, ದೀಪ ಆರಿಸಿದರೂ ಒಂದೇ ಉರಿಸಿದರೂ ಒಂದೇ. ಆದರೂ ಗಂಡ ಮೊದಲ ವಾರ ಇಡೀ ಮನೆಯ ದೀಪ ಆರಿಸುತ್ತಾ ತಿರುಗಿ ಎಲ್ಲರಿಗೂ ಕಿರಿಕಿರಿ ಮಾಡಿದರು. ಬಿಗಿ ಹಿಡಿಯುವ ಉತ್ಸಾಹ ಉಪಯೋಗಕ್ಕಿಂತ ಮೊದಲು ಕಣ್ಣಿಗೆ ಕಾಣುವ ಜಾಗಕ್ಕೇ ಹೋಗುತ್ತದೆ. ಮಗ ಬಿಲ್ಲು ಓದಿ, ನಿಗದಿಯಾದದ್ದಕ್ಕಿಂತ ನಮ್ಮ ಬಳಕೆ ಕಡಿಮೆಯೇ ಇದೆ, ಇಂಡಕ್ಷನ್ ಒಲೆ ತೆಗೆಯೋಣ ಎಂದ. ಕುಚಲಕ್ಕಿ ಅನ್ನವನ್ನು ಗ್ಯಾಸಿನ ಮೇಲೆ ಗಂಟೆಗಟ್ಟಲೆ ಬೇಯಿಸುವ ಬದಲು ಇಂಡಕ್ಷನ್‌ನಲ್ಲಿ ಕುದಿ ಬರಿಸಿ, ಪಾತ್ರೆಯನ್ನು ಶಾಖ ಹಿಡಿಯುವ ಡಬ್ಬದೊಳಗೆ ಇಟ್ಟು ಬೇಯಿಸಿದರು. ಸಿಲಿಂಡರ್ ಹೆಚ್ಚು ದಿನ ಬಂತು.

ಶಕ್ತಿ ಯೋಜನೆಯಿಂದ ಹೆಚ್ಚಿನ ಪ್ರಯೋಜನ ಆಗಲಿಲ್ಲ. ಮಹಿಳೆಯರಿಗೆ ಉಚಿತವಿರುವುದು ಸರ್ಕಾರಿ ಬಸ್ಸಿನಲ್ಲಿ. ಉಡುಪಿ, ಮಂಗಳೂರಿನ ಊರೊಳಗಿನ ಓಡಾಟ ಬಹುಮಟ್ಟಿಗೆ ಖಾಸಗಿ ಬಸ್ಸುಗಳದ್ದು. ನರ್ಮ್ ಎಂದು ಕರೆಯುವ ಸರ್ಕಾರಿ ಸಿಟಿ ಬಸ್ಸಿಗಾಗಿ ಮಳೆಯಲ್ಲಿ ಕಾದು ಉಳಿಸಿದ ಹತ್ತು ಹದಿನೈದು ರೂಪಾಯಿಗಿಂತ ಆ ಹೊತ್ತಿನಲ್ಲಿ ಹೊಲಿಯಬಹುದಾಗಿದ್ದ ರವಿಕೆಯ ಬೆಲೆ ಹೆಚ್ಚು ಎಂದು ಹೆಂಡತಿ ಎರಡನೇ ಸಲಕ್ಕೇ ತೀರ್ಮಾನಿಸಿದರು.

ದೊಡ್ಡ ಸೋರಿಕೆ ಯಾರೂ ಎಣಿಸದ ಕಡೆಯಿಂದ ಬಂತು. ಆಟಿಯಲ್ಲಿ ಸಮಾರಂಭವಿಲ್ಲ, ನಿಜ. ಆದರೆ ಆಟಿಯಲ್ಲೇ ಮೊಸರುಕುಡಿಕೆಯವರು, ಸಾರ್ವಜನಿಕ ಗಣೇಶೋತ್ಸವದವರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಬಂದವರು ಪಕ್ಕದ ಮನೆಯ ಹುಡುಗರು. ಮನೆಯ ತೆಂಗಿನಕಾಯಿ ಕೀಳಲು ಕರೆದರೆ ಓಡಿ ಬರುವವರು. ಕಚೇರಿಯಲ್ಲಿ ಒಬ್ಬರ ನಿವೃತ್ತಿ, ತಲಾ 500. ಬಂಧುಗಳಲ್ಲಿ ಒಂದು ಸಾವು, ಹದಿಮೂರನೇ ದಿನಕ್ಕೆ ಕುಂದಾಪುರಕ್ಕೆ ಹೋಗಿ ಬರಬೇಕು. ಪಟ್ಟಿಯಲ್ಲಿ “ಸಮಾರಂಭ: ಇಲ್ಲ” ಎಂದು ಬರೆದವರಿಗೆ ಇದಾವುದಕ್ಕೂ ನಿಯಮ ಇರಲಿಲ್ಲ. ಗಂಡ ರಸೀದಿಯವರನ್ನು ಮುಂದಿನ ತಿಂಗಳು ಬನ್ನಿ ಎಂದು ಕಳುಹಿಸಲು ನೋಡಿದರು. ಒಳಗಿನಿಂದ ಅಜ್ಜಿ ಬಂದು ತನ್ನ ಗೃಹಲಕ್ಷ್ಮಿ ಹಣದಿಂದ ಕೊಟ್ಟು ಕಳುಹಿಸಿ, ಆಮೇಲೆ ಮಗನಿಗೆ ಹೇಳಿದರಂತೆ: “ಸಾಲ ಇದ್ದವರು ಸಾಲ ತೀರಿಸಬೇಕು, ಹೌದು. ಊರಿನಲ್ಲಿ ಇದ್ದವರು ಊರಿನಲ್ಲಿಯೂ ಇರಬೇಕು.” ಲೆಕ್ಕದ ದೃಷ್ಟಿಯಿಂದಲೂ ಇದು ಒಪ್ಪತಕ್ಕ ಮಾತು. ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಕಾರು ತೆಗೆಯುವವರು ಇವರೇ. ಆ ಭರವಸೆಗೆ ಕಟ್ಟುವ ಕಂತನ್ನು ವಿಮೆಯ ಸಾಲಿನಲ್ಲಿ ಬರೆದರೂ ತಪ್ಪಿಲ್ಲ. ತಿಂಗಳ ನಡುವೆ ಅವರು 1,000 ರೂಪಾಯಿಯನ್ನು ಬೇರೆಯಾಗಿ ತೆಗೆದಿಟ್ಟು, ಊರಿನ ಖರ್ಚೆಲ್ಲ ಅದರೊಳಗೆ ಎಂದು ಮಾಡಿಕೊಂಡರು. ಅಲ್ಲಿಗೆ ಜಗಳ ನಿಂತಿತು.

ಉಳಿಸಿದ ಹಣ ಎಲ್ಲಿ ಹೋಗಬೇಕು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಖರ್ಚು ಮಾಡದ ಹಣ ಖಾತೆಯಲ್ಲೇ ಉಳಿದರೆ ಅದು ಉಳಿತಾಯವಾಗಿ ಕಾಣುವುದಿಲ್ಲ. ಖಾತೆಯಲ್ಲಿ ಈ ಸಲ ಸ್ವಲ್ಪ ಹೆಚ್ಚಿದೆ ಎಂದಷ್ಟೇ ಕಾಣುತ್ತದೆ, ಹಾಗೆ ಕಂಡ ಹಣ ಹೆಚ್ಚು ದಿನ ಬಾಳದು. ಉಡುಪಿಯವರಿಗೆ ಇದಕ್ಕೆ ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. 1925ರಲ್ಲಿ ಇಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು: ದಿನಕ್ಕೆ ಎರಡಾಣೆ, ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಪಿಗ್ಮಿ ಸಂಗ್ರಹಿಸುವವರು ಮಾತ್ರ ಸಹಕಾರಿ ಸಂಘಗಳ ಪರವಾಗಿ ಇಂದಿಗೂ ಓಣಿ ಓಣಿ ತಿರುಗುತ್ತಾರೆ. ಬಳೆ ಇಟ್ಟ ಸಂಘದ ಪಿಗ್ಮಿಯವರು ಸಾಲದ ಬಾಬ್ತನ್ನೂ ಪಡೆಯುತ್ತಿದ್ದರು. ದಿನಾ ಸಂಜೆ ಅವರು ಬಂದಾಗ ಆ ದಿನ ಖರ್ಚಾಗದೆ ಉಳಿದದ್ದನ್ನು, 200 ಇರಲಿ 450 ಇರಲಿ, ಸಾಲಕ್ಕೆ ಜಮಾ ಮಾಡಿಸುವುದು ಎಂದಾಯಿತು.

“ಮೊಬೈಲಿನಲ್ಲೇ ಹಾಕಬಹುದಲ್ಲ ಸರ್, ಪಾಪ ಅವರನ್ನು ಮಳೆಯಲ್ಲಿ ಯಾಕೆ ನಡೆಸುವುದು?” ಎಂದು ಗಂಡ ಕೇಳಿದರು.

ಹೆಂಡತಿ ನನಗಿಂತ ಮೊದಲು ಉತ್ತರ ಕೊಟ್ಟರು: “ಮೊಬೈಲಿನಲ್ಲಿ ಹಾಕಿದರೆ ನೀವು ಹಾಕಿದ್ದೀರೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಅವರು ಬಂದರೆ ಇಡೀ ಮನೆಗೆ ಗೊತ್ತಾಗುತ್ತದೆ.”

ಯಾರ ಮೈಮುರಿದು ಉಳಿದದ್ದು

ಪುಸ್ತಕದಲ್ಲಿ ಹಣದ ಕಾಲಂ ಇತ್ತು, ಸಮಯದ ಕಾಲಂ ಇರಲಿಲ್ಲ. ಹೋಟೆಲು ನಿಂತರೆ ಬುತ್ತಿ ಕಟ್ಟಬೇಕು. ಸಂಜೆಯ ಬನ್ಸು ನಿಂತರೆ ಮನೆಯಲ್ಲಿ ಏನಾದರೂ ಕರಿಯಬೇಕು. ಪತ್ರೊಡೆಗೆ ಎಲೆ ಕಿತ್ತು, ನಾರು ತೆಗೆದು, ಅಕ್ಕಿ ನೆನೆಸಿ, ಮಸಾಲೆ ರುಬ್ಬಿ, ಎಲೆಯ ಮೇಲೆ ಎಲೆ ಇಟ್ಟು ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಮತ್ತೆ ಕತ್ತರಿಸಿ ಒಗ್ಗರಿಸುವಾಗ ಅರ್ಧ ದಿನ ಹೋಗಿರುತ್ತದೆ. ತಗಟೆ ಸೊಪ್ಪು ಸೋಸುವುದು ಅಜ್ಜಿಯ ಪಾಲಿಗೆ ಬಂತು. ಬೇಳೆ, ಎಣ್ಣೆ, ಬೆಲ್ಲ ಎಂದು ದಿನಸಿ ಖರ್ಚು 1,400 ರೂಪಾಯಿ ಏರಿತು, ಅದು ಪುಸ್ತಕದಲ್ಲಿದೆ. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದವರು ನಾಲ್ಕೂವರೆಗೆ ಎದ್ದದ್ದು ಇಲ್ಲ.

ಮೊದಲ ಪಕ್ಷದಲ್ಲಿ ಇದು ದೊಡ್ಡದಾಗಿ ಕಾಣಲಿಲ್ಲ, ಏಕೆಂದರೆ ಹೊಲಿಗೆ ಕೆಲಸ ಇರಲಿಲ್ಲ. ಯಾವ ಕಾರಣಕ್ಕೆ ಆಟಿ ಅಗ್ಗದ ತಿಂಗಳೋ ಅದೇ ಕಾರಣಕ್ಕೆ ಹೊಲಿಗೆಯವರಿಗೆ ಬರದ ತಿಂಗಳು. ಮದುವೆ ಇಲ್ಲದಿದ್ದರೆ ಹೊಸ ರವಿಕೆ ಯಾರಿಗೆ ಬೇಕು? ಅವರ ಆದಾಯ 3,000 ಕುಸಿಯಿತು. ಇದನ್ನು ಆಕೆ ಮೊದಲೇ ಊಹಿಸಿದ್ದರು. ಊಹಿಸದೆ ಇದ್ದದ್ದು ಇನ್ನೊಂದು: ಕಾಯಂ ಗಿರಾಕಿಯೊಬ್ಬರು ಬಂದು, ನಾವೂ ಈ ಸಲ ಖರ್ಚು ಕಡಿಮೆ ಮಾಡುತ್ತಿದ್ದೇವೆ, ವರಮಹಾಲಕ್ಷ್ಮಿಗೆ ಹಳೆಯ ರವಿಕೆಯೇ ಸಾಕು ಎಂದು ಹೇಳಿ ಹೋದರು. ಆ ವಾರವೇ ಇವರು ಶುಕ್ರವಾರದ ಹೂವಿನವಳಿಗೆ, ಒಂದು ತಿಂಗಳು ಬೇಡ ಎಂದಿದ್ದರು. ಹಿತ್ತಿಲ ದಾಸವಾಳ, ಅಬ್ಬಲಿಗೆ ದೇವರಿಗೆ ಸಾಕಿತ್ತು. ಗಿರಾಕಿ ಹೋದ ಮೇಲೆ ಆಕೆ ಹೂವಿನವಳನ್ನು ಮತ್ತೆ ಕರೆದು ವಾರಕ್ಕೊಂದು ತುಂಡು ಮಲ್ಲಿಗೆ ಹಾಕಲು ಹೇಳಿದರು. ಪುಸ್ತಕದಲ್ಲಿ ಹೂವಿನ ಸಾಲಿನಲ್ಲಿ 300 ಇರುವುದು ಹಾಗೆ. ಇದರಿಂದ ಅರ್ಥಶಾಸ್ತ್ರದ ಪಾಠ ಎಳೆಯಲು ನಾನು ಹೋಗುವುದಿಲ್ಲ. ಒಬ್ಬರಿಗೆ ಅನಗತ್ಯವಾದದ್ದು ಇನ್ನೊಬ್ಬರ ಮನೆಯ ಅಕ್ಕಿ ಎಂದು ಆ ಮನೆಯಲ್ಲಿ ಮೊದಲು ಹೊಳೆದದ್ದು ಸ್ವತಃ ಅಂಥ ದುಡಿಮೆ ಮಾಡುವವರಿಗೆ, ಅಷ್ಟೇ.

ಎರಡನೇ ಪಕ್ಷದಲ್ಲಿ ಅಷ್ಟಮಿ, ಚೌತಿಗೆ ಬೇಕಾದ ರವಿಕೆಗಳು ಬರತೊಡಗಿದವು. ಒಂದು ಸಂಜೆ ಆಕೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಗಂಡನಿಗೆ ನೇರವಾಗಿ ಹೇಳಿದರು: “ನಿಮಗೆ ನಾನು ಅಡುಗೆಮನೆಯಲ್ಲಿ ಬೇಕೋ, ಇಲ್ಲಿ ಬೇಕೋ? ಎರಡೂ ಕಡೆ ಇರಲು ನನ್ನಿಂದ ಆಗುವುದಿಲ್ಲ.” ಒಂದು ರವಿಕೆಯ ಮಜೂರಿಯಲ್ಲಿ ನಾಲ್ಕು ಜನರ ಸಂಜೆಯ ತಿಂಡಿ ಎರಡು ದಿನ ಬರುತ್ತದೆ, ತಿಂಡಿ ಮಾಡುವ ಹೊತ್ತಿಗೆ ರವಿಕೆ ಮುಗಿಯುತ್ತದೆ. ಲೆಕ್ಕಪತ್ರದವರು ಈ ಲೆಕ್ಕಕ್ಕೆ ತಲೆಬಾಗಿದರು. ಮರುದಿನದಿಂದ ತೆಂಗಿನಕಾಯಿ ತುರಿಯುವುದು, ರುಬ್ಬುವುದು, ಬುತ್ತಿಯ ಪಾತ್ರೆ ತೊಳೆಯುವುದು ಗಂಡನಿಗೆ, ಅನ್ನದ ಕೆಲಸ ಮಗನಿಗೆ. ವಾರಕ್ಕೊಮ್ಮೆ ಹೊರಗಿನಿಂದ ತಿಂಡಿ ತರಲು ಅನುಮತಿ. ಖರ್ಚು ಕಡಿತದ ತಿಂಗಳುಗಳಲ್ಲಿ ಮನೆಯ ಹೆಂಗಸಿನ ಕೂಲಿಯಿಲ್ಲದ ದುಡಿಮೆಯನ್ನೇ ಉಳಿತಾಯವೆಂದು ಬರೆದುಕೊಳ್ಳುವುದು ಸಾಮಾನ್ಯ. ಆಕೆಗೆ ಸ್ವಂತ ಆದಾಯ ಇದ್ದುದರಿಂದ ಇಲ್ಲಿ ಅದು ಬೇಗ ಬಯಲಾಯಿತು. ಇಲ್ಲದ ಮನೆಗಳಲ್ಲಿ ಬಯಲಾಗುವುದೇ ಇಲ್ಲ.

ಒಂದು ಹಂಚಿನ ಕಥೆಯನ್ನು ಬಿಡುವಂತಿಲ್ಲ. ಮಾಡಿನಲ್ಲಿ ಒಂದು ಹಂಚು ಬಿರುಕು ಬಿಟ್ಟದ್ದು ಮಳೆಗೆ ಮೊದಲೇ ಗೊತ್ತಿತ್ತು. ಕೆಲಸದವರಿಗೆ ಕೆಲವು ನೂರು ರೂಪಾಯಿ ಆಗುತ್ತಿತ್ತು. ಆಟಿ ಮುಗಿಯಲಿ ಎಂದು ಮುಂದೆ ಹಾಕಿದರು. ಒಂದು ರಾತ್ರಿಯ ಗಾಳಿಮಳೆಗೆ ಸೋರಿ, ಕೆಳಗಿನ ಕಪಾಟಿನ ಮೇಲಿದ್ದ ಗಿರಾಕಿಯ ರೇಷ್ಮೆ ಸೀರೆಗೆ ಕಲೆಯಾಯಿತು. ಸಮಾಧಾನ ಮಾಡಿ 1,800 ರೂಪಾಯಿ ಕೊಡಬೇಕಾಯಿತು. ಬೈಕಿನ ಬ್ರೇಕನ್ನೂ ಅವರು ಹಾಗೆಯೇ ಮುಂದೆ ಹಾಕಿದ್ದರು. ಮಳೆಯಲ್ಲಿ ಪೆರಂಪಳ್ಳಿ ರಸ್ತೆಯಲ್ಲಿ ಮಣಿಪಾಲಕ್ಕೆ ಹೋಗುವವರು ಬ್ರೇಕಿನಲ್ಲಿ ಉಳಿಸುವುದು ಹುಡುಗಾಟವಲ್ಲ ಎಂದು ನಾನು ಗದರಿದ ಮೇಲೆ ಸರಿ ಮಾಡಿಸಿದರು. ರಿಪೇರಿ, ಔಷಧ, ಹಲ್ಲು, ಕಣ್ಣು ಇವನ್ನು ಖರ್ಚು ನಿಲ್ಲಿಸುವ ಪಟ್ಟಿಗೆ ತರಲೇಬಾರದು. ತರುವುದಾದರೆ ಅದನ್ನು ಸಾಲದ ಕಾಲಂನಲ್ಲಿ ಬರೆಯಬೇಕು.

ತಿಂಗಳ ಕೊನೆಯ ಲೆಕ್ಕ

ಕಡಿತವಾದದ್ದು ಒಟ್ಟು 13,200 ರೂಪಾಯಿ. ಅದರಲ್ಲಿ ಹೋಟೆಲು 3,500, ಆನ್‌ಲೈನ್ 3,350, ಮೀನು ಮಾಂಸ 3,100, ಸಮಾರಂಭ 2,000. ಉಳಿದದ್ದು ಹೂವು, ರಿಕ್ಷಾ, ಚಂದಾ. ದಿನಸಿಯ ಏರಿಕೆ 1,400, ಹೊಲಿಗೆಯ ಇಳಿಕೆ 3,000, ಸೀರೆಯ ದಂಡ 1,800 ಕಳೆದರೆ ನಿಂತದ್ದು 7,000. ಮೊದಲಿನ ಕಾರ್ಡಿನ ಕಂತು 4,200 ಸೇರಿ ಸಂಘಕ್ಕೆ 11,200 ಸಂದಿತು. ಬಡ್ಡಿ 840 ಹೋಗಿ ಅಸಲು 73,600 ಚಿಲ್ಲರೆಗೆ ಇಳಿಯಿತು.

13,200 ಉಳಿಸಿದೆವು ಎಂದು ಗಂಡ ಕಚೇರಿಯಲ್ಲಿ ಹೇಳಿಕೊಂಡಿದ್ದಾರೆ. 7,000 ಎಂದು ಹೆಂಡತಿ ತಿದ್ದುತ್ತಾರೆ. ಹೆಂಡತಿಯದ್ದೇ ಸರಿ.

ಆಟಿಯ ಮುಂದಿನ ತಿಂಗಳು ಸೋಣ ಬಂತು. ಅಷ್ಟಮಿಯ ಉಂಡೆ ಚಕ್ಕುಲಿ, ಮರುದಿನ ವಿಟ್ಲಪಿಂಡಿ ಉತ್ಸವಕ್ಕೆ ರಥಬೀದಿ, ಹುಲಿವೇಷ, ಚೌತಿ. ಅಷ್ಟರಲ್ಲಿ ದೋಣಿಗಳು ಕಡಲಿಗಿಳಿದು ಮೀನು ಬಂದಿತ್ತು. ಖರ್ಚು ನಿಲ್ಲಿಸಿದಾಗ ಮುಂದೆ ನೋಡೋಣ ಎಂದು ಬರೆದಿಟ್ಟ ವಸ್ತುಗಳಲ್ಲಿ ಕೆಲವನ್ನು ಆ ತಿಂಗಳೇ ಕೊಂಡರು. ಮುಂದಿನ ತಿಂಗಳುಗಳ ಪುಸ್ತಕ ನೋಡಿದರೆ ಕಾಯಂ ಆಗಿ ಉಳಿದ ಕಡಿತ ತಿಂಗಳಿಗೆ 1,600 ಮಾತ್ರ: ಆನ್‌ಲೈನ್ ಖರೀದಿ ಸುಮಾರು ಅರ್ಧಕ್ಕೆ ಇಳಿದದ್ದು ಇಳಿದೇ ಇದೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಬಂದಿದೆ. ಇದನ್ನು ಸೋಲೆಂದು ಅವರು ಬೇಸರಪಟ್ಟರು. ನನಗೆ ಹಾಗೆ ಕಾಣುವುದಿಲ್ಲ. ಮೀನು ತಿನ್ನುವ ಊರಿನಲ್ಲಿ ವರ್ಷವಿಡೀ ಮೀನು ಬಿಡಿಸುವುದು ಉದ್ದೇಶವಾಗಿರಲಿಲ್ಲ. ಹಳೆಯ ಕಂತಿನ ಜೊತೆ ಈ 1,600 ಸೇರಿ ಸಂಘಕ್ಕೆ ತಿಂಗಳಿಗೆ 5,800 ಹೋಗುತ್ತಿದೆ. ಏಪ್ರಿಲ್ ಕೊನೆಗೆ ಬಾಕಿ ಸುಮಾರು 32,000. ಕಾರ್ಡಿನಲ್ಲೇ ಉಳಿದು ಕನಿಷ್ಠ ಮೊತ್ತ ಕಟ್ಟುತ್ತಿದ್ದರೆ, ಹೊಸ ಖರೀದಿ ಒಂದೂ ಇಲ್ಲದಿದ್ದರೂ, ಇಷ್ಟು ಹೊತ್ತಿಗೆ 75,000ಕ್ಕಿಂತ ಹೆಚ್ಚೇ ಇರುತ್ತಿತ್ತು. ಈ ವ್ಯತ್ಯಾಸದಲ್ಲಿ ಬಳೆಯ ಪಾಲು ದೊಡ್ಡದು, ಬಿಗಿದ ತಿಂಗಳ ಪಾಲು ಸಣ್ಣದು.

ಈ ವರ್ಷವೂ ಆಟಿಯಲ್ಲಿ ಮಾಡುತ್ತಾರಂತೆ. ಮೇ ತಿಂಗಳಲ್ಲಿ ಅವರ ಮನೆಗೆ ಹೋದಾಗ ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು, ಉಪ್ಪುಸೊಳೆಗೆ ಭರಣಿ ತೊಳೆದಿಟ್ಟಿದ್ದರು, ಒಣ ಮೀನು ಮಲ್ಪೆಯಿಂದ ಬಂದು ಡಬ್ಬ ಸೇರಿತ್ತು. ಮಾಡಿನ ಹಂಚು ಬದಲಿಸಿಯಾಗಿದೆ. ಊರಿನ ಖರ್ಚಿಗೆ ಈ ಸಲ 1,500 ಎಂದು ಅಜ್ಜಿ ನಿಗದಿ ಮಾಡಿದ್ದಾರೆ, ಅದರ ಬಗ್ಗೆ ಚರ್ಚೆ ಇಲ್ಲ. ಹೆಂಡತಿಯ ಷರತ್ತು ಎರಡು. ಆಟಿಯ ಎರಡನೇ ಪಕ್ಷದಲ್ಲಿ ಬೆಳಗಿನ ಅಡುಗೆ ಪೂರ್ತಿ ಗಂಡನದ್ದು. ಪುಸ್ತಕದಲ್ಲಿ ಯಾರು ಎಷ್ಟು ಹೊತ್ತು ದುಡಿದರು ಎಂಬುದಕ್ಕೆ ಇನ್ನೊಂದು ಕಾಲಂ. ಮೊದಲನೆಯದಕ್ಕೆ ಗಂಡ ಒಪ್ಪಿದ್ದಾರೆ. ಎರಡನೆಯದನ್ನು ಹೇಗೆ ಬರೆಯುವುದು ಎಂದು ನನ್ನನ್ನು ಕೇಳಿದ್ದಾರೆ. ಗೆರೆ ಎಳೆದು ಕೊಟ್ಟಿದ್ದೇನೆ.